ರಾಕಿ ಭಾಯ್ ಇರಲಿಲ್ಲ, ಗಣಿ ಇತ್ತು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಯಾವ ಕಡೆಯವರೇ ಆಗಲಿ, ಹೊರಗೆ ಹೋಗಿ ಜಿಲ್ಲೆಯ ಹೆಸರು ಹೇಳಿದರೆ ಸಾಕು: ‘ರಾಕಿ ಭಾಯ್ ನಿಜವಾಗ್ಲೂ ಇದ್ನಾ?’

ಇರಲಿಲ್ಲ. ಸಿನಿಮಾದಲ್ಲಿ ಅವನೆದುರಿಗಿದ್ದ ಖಳ ಗರುಡನೂ ಇರಲಿಲ್ಲ, ನರಾಚಿ ಎಂಬ ಗಣಿಯೂ ಇರಲಿಲ್ಲ.

ರಾಕಿ ನಾಯಕನಾಗಿ 2018ರ ಡಿಸೆಂಬರ್‌ನಲ್ಲಿ ತೆರೆಕಂಡ ‘ಕೆಜಿಎಫ್’ ಸಿನಿಮಾ ಕಟ್ಟಿದ ಕಥೆ. ಅದರಲ್ಲಿ ಚಿನ್ನ ಸಿಗುವುದು 1951ರಲ್ಲಿ. ನಿಜದಲ್ಲಿ ಬ್ರಿಟಿಷರ ಜಾನ್ ಟೇಲರ್ ಕಂಪನಿ ಇಲ್ಲಿನ ಕೋಲಾರ ಗೋಲ್ಡ್ ಫೀಲ್ಡ್ಸ್‌ನಲ್ಲಿ (ಕೆಜಿಎಫ್) ಗಣಿಗೆ ಕೈಹಾಕಿದ್ದು 1880ರಲ್ಲಿ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1972ರಲ್ಲಿ ಕೇಂದ್ರದ ಭಾರತ್ ಗೋಲ್ಡ್ ಮೈನ್ಸ್ ಹುಟ್ಟಿತು. ಪರದೆಯ ಮೇಲೆ 1970ರ ದಶಕದ ಕೊನೆಯಲ್ಲಿ ಗುಲಾಮರ ಬೆನ್ನಿಗೆ ಏಟು ಬೀಳುತ್ತದೆ. ಆ ಹೊತ್ತಿಗೆ ನಿಜವಾದ ಗಣಿಯವರು ಸಂಬಳ, ಸಂಘ ಎರಡೂ ಇದ್ದ ಸರ್ಕಾರಿ ಕಂಪನಿಯ ನೌಕರರು.

ಈ ಗುಲಾಮರ ಕಥೆಯನ್ನು ಇತಿಹಾಸವೆಂದು ಒಪ್ಪಿಕೊಂಡರೆ ದೊಡ್ಡ ಅನ್ಯಾಯವಾಗುತ್ತದೆ. ತಮಿಳು, ತೆಲುಗು ಸೀಮೆಗಳಿಂದ ಬಂದು ಇಲ್ಲಿ ಬೆವರು ಸುರಿಸಿದವರಲ್ಲಿ ದಲಿತರೇ ಬಹುಪಾಲು. ಬೆರಳಚ್ಚು ಕೊಡಬೇಕೆಂಬ ಕಂಪನಿಯ ನಿಯಮದ ವಿರುದ್ಧ 1930ರಲ್ಲೇ ಅವರು ಕೆಲಸ ನಿಲ್ಲಿಸಿ ಬೀದಿಗಿಳಿದಿದ್ದರು. ಮೂರು ಕಿಲೋಮೀಟರಿಗೂ ಆಳವಾದ ಚಾಂಪಿಯನ್ ರೀಫ್ ಗಣಿಯಲ್ಲಿ ಬಂಡೆ ಸಿಡಿದು ಸತ್ತವರಿದ್ದಾರೆ, ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್‌ಗೆ ಬಲಿಯಾದವರಿದ್ದಾರೆ. ಇವರನ್ನು ಬಿಡಿಸಲು ಸಿನಿಮಾದ ರಾಕಿಯಂತೆ ಯಾವ ನಾಯಕನೂ ಮುಂಬೈಯಿಂದ ಬರಲಿಲ್ಲ. ತಮ್ಮ ಹೋರಾಟವನ್ನು ತಾವೇ ಮಾಡಿಕೊಂಡರು.

ಹಾಗೆಂದು ನಡೆದದ್ದನ್ನು ನಾಟಕೀಕರಿಸುವುದು ತಪ್ಪಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿಯವರು ಕೊಡಗಿನ ಕೊನೆಯ ಅರಸನ ಬದುಕನ್ನೇ ‘ಚಿಕವೀರ ರಾಜೇಂದ್ರ’ ಎಂಬ ಕಾದಂಬರಿ ಮಾಡಿದರು. ನಡೆದದ್ದರಲ್ಲಿ ಬೇಕಾದಷ್ಟನ್ನು ಆರಿಸಿ, ಮಾತು ಕೊಟ್ಟು, ಘರ್ಷಣೆಯನ್ನು ಕಣ್ಣ ಮುಂದೆ ತರುವುದು ಕಲೆಗಾರನ ಹಕ್ಕು. ಅದನ್ನೇ ದಾಖಲೆ ಎಂದು ಸಾಧಿಸುವುದು ನೋಡುಗರ ತಪ್ಪು.

ಸಿನಿಮಾದ ಹೊರಗೂ ಇಂಥ ದಂತಕಥೆಗಳಿವೆ. ಏಷ್ಯಾದಲ್ಲೇ ಮೊದಲು ಕರೆಂಟು ಬಂದದ್ದು ಕೆಜಿಎಫ್‌ಗೆ ಎಂಬುದೂ ಸುಳ್ಳು: ಶಿವನಸಮುದ್ರದ ವಿದ್ಯುತ್ ಇಲ್ಲಿಗೆ ತಲುಪಿದ್ದು 1902ರಲ್ಲಿ, ಡಾರ್ಜಿಲಿಂಗ್‌ನಲ್ಲಿ 1897ರಲ್ಲೇ ಜಲವಿದ್ಯುತ್ ಇತ್ತು. ಸಿನಿಮಾದಲ್ಲಿ ಕಾಣುವ ದಿಬ್ಬಗಳೂ ಚಿನ್ನದ ಗುಡ್ಡಗಳಲ್ಲ, ಅದಿರು ಅರೆದು ಸೈನೈಡ್‌ನಲ್ಲಿ ಚಿನ್ನ ತೆಗೆದ ಮೇಲೆ ಉಳಿದ ತ್ಯಾಜ್ಯ.

ಎರಡೂವರೆ ತಾಸಿನ ಸಿನಿಮಾ ನೋಡಿ ಜಿಲ್ಲೆಯ ಚರಿತ್ರೆ ಗೊತ್ತು ಎನ್ನುವವರು ಹೆಚ್ಚುತ್ತಿದ್ದಾರೆ. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಲ್ಲಿ ದುಡಿದವರಲ್ಲಿ ಹಲವರು ಇನ್ನೂ ಅದೇ ಊರಿನ ಕಾರ್ಮಿಕರ ಲೈನ್‌ಮನೆಗಳಲ್ಲಿದ್ದಾರೆ. ರಾಕಿಯನ್ನು ಹುಡುಕಿಕೊಂಡು ಬರುವವರು ಅವರ ಬಾಗಿಲು ತಟ್ಟಿ ಕೇಳಲಿ.