ಆರ್‌ಟಿಪಿಎಸ್: ಒಂದು ಕೊಳವೆ ಸೋರಿದರೆ ಘಟಕವೇ ನಿಲ್ಲುವುದೇಕೆ?

ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ (ಆರ್‌ಟಿಪಿಎಸ್) ಬಾಯ್ಲರ್ ಕೊಳವೆ ಸೋರಿಕೆಯಿಂದ ಘಟಕ ಸ್ಥಗಿತಗೊಂಡ ಸುದ್ದಿ ರಾಜ್ಯದ ಓದುಗರಿಗೆ ಹೊಸದಲ್ಲ. ಆದರೆ ಒಂದು ಕೊಳವೆಯ ರಂಧ್ರಕ್ಕಾಗಿ 210 ಮೆಗಾವಾಟ್ ಉತ್ಪಾದನೆ ಎರಡು-ಮೂರು ದಿನ ನಿಲ್ಲಬೇಕಾದುದೇಕೆ?

ಕೃಷ್ಣಾ ತೀರದ ಶಕ್ತಿನಗರದಲ್ಲಿರುವ ಈ ಕೇಂದ್ರದ ಮೊದಲ ಘಟಕ ಆರಂಭವಾದದ್ದು 1985ರಲ್ಲಿ. ಎಂಟು ಘಟಕಗಳ ಒಟ್ಟು ಸ್ಥಾಪಿತ ಸಾಮರ್ಥ್ಯ 1,720 ಮೆಗಾವಾಟ್. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಗಳಿಲ್ಲ. ತೆಲಂಗಾಣದ ಸಿಂಗರೇಣಿ, ಒಡಿಶಾದ ಮಹಾನದಿ ಗಣಿಗಳಿಂದ ರೈಲಿನಲ್ಲಿ ಕಲ್ಲಿದ್ದಲು ಬರಬೇಕು. ಎಲ್ಲ ಘಟಕಗಳೂ ಪೂರ್ಣ ಪ್ರಮಾಣದಲ್ಲಿ ನಡೆದರೆ ದಿನಕ್ಕೆ 25 ಸಾವಿರ ಟನ್‌ಗೂ ಅಧಿಕ ಕಲ್ಲಿದ್ದಲು, ಅಂದರೆ ಏಳೆಂಟು ರೈಲುಗಳ ಸರಕು ಬೇಕಾಗುತ್ತದೆ.

ಕಲ್ಲಿದ್ದಲನ್ನು ಮೊದಲು ಗಿರಣಿಗಳಲ್ಲಿ ಹಿಟ್ಟಿನಷ್ಟು ನುಣ್ಣಗೆ ಪುಡಿ ಮಾಡಿ, ಬಿಸಿಗಾಳಿಯ ಜತೆ ಕುಲುಮೆಗೆ ಊದಲಾಗುತ್ತದೆ. (ಮಳೆಗಾಲದಲ್ಲಿ ಒದ್ದೆ ಕಲ್ಲಿದ್ದಲು ಗಿರಣಿಗೆ ಅಂಟಿಕೊಂಡು ಕಾಡುವುದೂ ಉಂಟು.) ಸಾವಿರ ಡಿಗ್ರಿ ಸೆಲ್ಸಿಯಸ್ ಮೀರಿದ ಆ ಬೆಂಕಿಯನ್ನು ಸುತ್ತುವರಿದಿರುವುದು ಇಟ್ಟಿಗೆಯ ಗೋಡೆಯಲ್ಲ, ಒತ್ತೊತ್ತಾಗಿ ನಿಲ್ಲಿಸಿದ ಉಕ್ಕಿನ ಕೊಳವೆಗಳು. ಅವುಗಳೊಳಗೆ ಹರಿಯುವ ನೀರು ಹಬೆಯಾಗಿ, ಸುಮಾರು 540 ಡಿಗ್ರಿವರೆಗೆ ಕಾಯ್ದು, ವಾತಾವರಣದ ಒತ್ತಡದ ನೂರೈವತ್ತು ಪಟ್ಟಿನಷ್ಟು ಒತ್ತಡದಲ್ಲಿ ಟರ್ಬೈನ್‌ಗೆ ನುಗ್ಗುತ್ತದೆ. ಟರ್ಬೈನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ. ಅದಕ್ಕೆ ಜೋಡಿಸಿದ ಜನರೇಟರ್ ವಿದ್ಯುತ್ ನೀಡುತ್ತದೆ. ಬಳಸಿದ ಹಬೆಯನ್ನು ನದಿಯ ನೀರಿನಿಂದ ತಣಿಸಿ ಮತ್ತೆ ಬಾಯ್ಲರ್‌ಗೆ ಕಳುಹಿಸಲಾಗುತ್ತದೆ. ಕಲ್ಲಿದ್ದಲಿನ ಶಾಖದಲ್ಲಿ ವಿದ್ಯುತ್ತಾಗುವುದು ಸುಮಾರು ಮೂರನೇ ಒಂದು ಪಾಲು ಮಾತ್ರ. ಉಳಿದದ್ದರಲ್ಲಿ ಬಹುಪಾಲು ಹೀಗೆ ತಣಿಸುವಲ್ಲೇ ಕಳೆದುಹೋಗುತ್ತದೆ.

ತೊಂದರೆಯ ಮೂಲ ಬೂದಿ. ನಮ್ಮ ದೇಶದ ಕಲ್ಲಿದ್ದಲಿನ ತೂಕದಲ್ಲಿ ಮೂರನೇ ಒಂದು ಭಾಗ ಅಥವಾ ಅದಕ್ಕೂ ಹೆಚ್ಚು ಬೂದಿಯೇ. ಮರಳಿನ ಗುಣವುಳ್ಳ ಈ ಕಣಗಳು ಬಿಸಿಗಾಳಿಯೊಡನೆ ರಭಸದಿಂದ ಬಡಿಯುತ್ತ ಕೊಳವೆಗಳನ್ನು ಸವೆಸುತ್ತವೆ. ಎಲ್ಲೋ ಒಂದೆಡೆ ರಂಧ್ರ ಬಿದ್ದರೆ ಹೊರಚಿಮ್ಮುವ ಹಬೆ ಅಕ್ಕಪಕ್ಕದ ಕೊಳವೆಗಳನ್ನೂ ಚೂರಿಯಂತೆ ಕೊರೆಯುತ್ತದೆ. ಆದ್ದರಿಂದಲೇ ಸೋರಿಕೆ ಪತ್ತೆಯಾದ ಮೇಲೆ ಘಟಕವನ್ನು ಹೆಚ್ಚು ಹೊತ್ತು ನಡೆಸುವಂತಿಲ್ಲ.

ನಿಲ್ಲಿಸಿದೊಡನೆ ದುರಸ್ತಿ ಸಾಧ್ಯವೇ? ಅದೂ ಇಲ್ಲ. ಕಾರ್ಮಿಕರು ಒಳಹೊಗುವಷ್ಟು ಕುಲುಮೆ ತಣಿಯಲು ಬಹಳ ಹೊತ್ತು ಕಾಯಬೇಕು. ಬಳಿಕ ಹಾಳಾದ ಭಾಗವನ್ನು ಕತ್ತರಿಸಿ, ಹೊಸ ತುಂಡನ್ನು ಬೆಸೆದು, ನೀರು ತುಂಬಿ ಒತ್ತಡ ಪರೀಕ್ಷೆ ನಡೆಸಬೇಕು. ಮರಳಿ ಉರಿ ಹೊತ್ತಿಸುವುದು ದುಬಾರಿ ತೈಲದಿಂದ. ದಪ್ಪ ಉಕ್ಕು ಏಕಾಏಕಿ ಕಾಯ್ದರೆ ಬಿರಿಯುವ ಅಪಾಯವಿರುವುದರಿಂದ ತಾಪವನ್ನು ಗಂಟೆಗಟ್ಟಲೆ ನಿಧಾನವಾಗಿ ಏರಿಸಲಾಗುತ್ತದೆ. ಬೇಡಿಕೆ ಹೆಚ್ಚಿರುವ ಬೇಸಿಗೆಯಲ್ಲಿ ಇದರ ಬಿಸಿ ನೇರವಾಗಿ ತಟ್ಟುವುದು ಗ್ರಾಹಕರಿಗೆ.

ಈಗ ಮತ್ತೊಂದು ಒತ್ತಡ ಸೇರಿಕೊಂಡಿದೆ. ಪಾವಗಡದಂತಹ ಸೌರ ಪಾರ್ಕ್‌ಗಳಿಂದ ಹಗಲು ಹೇರಳ ವಿದ್ಯುತ್ ದೊರೆಯುವುದರಿಂದ ಶಾಖೋತ್ಪನ್ನ ಘಟಕಗಳು ಉತ್ಪಾದನೆ ತಗ್ಗಿಸಿ, ಸಂಜೆ ಮತ್ತೆ ಏರಿಸಬೇಕಾಗುತ್ತದೆ. ಒಂದೇ ಪ್ರಮಾಣದಲ್ಲಿ ಸತತವಾಗಿ ಉರಿಯಲೆಂದು ರೂಪಿಸಿದ ಹಳೆಯ ಬಾಯ್ಲರ್‌ಗಳ ಕೊಳವೆಗಳು ಈ ಏರಿಳಿತಕ್ಕೆ ಹಿಗ್ಗಿ ಕುಗ್ಗಿ, ಬೆಸುಗೆಗಳಲ್ಲಿ ಇನ್ನಷ್ಟು ಬೇಗ ಬಿರುಕು ಬಿಡುತ್ತವೆ.