ಸ್ವೀಕಾರಪರ ಮನೋಚಿಕಿತ್ಸೆ ಮತ್ತು ಸಭಾಪಾಲಕನ ಹೊಣೆ

ಯೋಬನ ಮೂವರು ಸ್ನೇಹಿತರು ಏಳು ದಿನ ಅವನೊಡನೆ ನೆಲದ ಮೇಲೆ ಮೌನವಾಗಿ ಕುಳಿತರು. ಅಷ್ಟರ ಮಟ್ಟಿಗೆ ಅವರ ಸೇವೆ ನಿರ್ದೋಷವಾದುದು. ಬಾಯಿ ತೆರೆದು, ಅವನ ನೋವಿಗೆ ಅವನ ಪಾಪವೇ ಕಾರಣವೆಂದು ಹೇಳತೊಡಗಿದಾಗ ಅವರು ತಪ್ಪಿದರು; ಗ್ರಂಥದ ಅಂತ್ಯದಲ್ಲಿ ದೇವರ ಕೋಪ ಉರಿಯುವುದು ಅವರ ಮೇಲೆಯೇ. ನೋವಿನ ಕಾರಣವನ್ನು ತಪ್ಪಾಗಿ ನಿರ್ಣಯಿಸುವ ಅಪಾಯ ಪಾಲನಾ ಸೇವೆಗೆ ಎಂದಿಗೂ ಇದ್ದೇ ಇದೆ. ಸಲಿಂಗಾಸಕ್ತರು, ದ್ವಿಲಿಂಗಾಸಕ್ತರು ಹಾಗೂ ಲಿಂಗತ್ವ ಅಲ್ಪಸಂಖ್ಯಾತರು ಖಿನ್ನತೆ, ಆತಂಕ ಅಥವಾ ಆತ್ಮಹತ್ಯೆಯ ಆಲೋಚನೆಗಳನ್ನು ಹೊತ್ತು ಸಭಾಪಾಲಕನ ಬಳಿಗೆ ಬಂದಾಗ ಆ ಅಪಾಯ ಇನ್ನೂ ಹೆಚ್ಚು. ಇಂಥವರಿಗೆ ಇಂದು ಮನೋವಿಜ್ಞಾನ ಒದಗಿಸುವ ಸ್ವೀಕಾರಪರ ಚಿಕಿತ್ಸೆ ಏನೆಂಬುದನ್ನೂ, ಅದರ ಮುಂದೆ ಸಭಾಪಾಲಕನ ಕರ್ತವ್ಯವೇನೆಂಬುದನ್ನೂ ಈ ಲೇಖನ ವಿವರಿಸುತ್ತದೆ.

ನೋವಿನ ಮೂಲ

ಸಲಿಂಗಾಸಕ್ತಿಯೇ ಒಂದು ರೋಗವೆಂಬ ಭಾವನೆ ವೈದ್ಯಲೋಕದಲ್ಲಿಯೂ ಬಹುಕಾಲ ಇತ್ತು. 1957ರಲ್ಲಿ ಅಮೆರಿಕದ ಮನೋವಿಜ್ಞಾನಿ ಎವೆಲಿನ್ ಹೂಕರ್ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಚಿಕಿತ್ಸೆಯಲ್ಲಿಲ್ಲದ ಸಲಿಂಗಾಸಕ್ತ ಪುರುಷರ ಹಾಗೂ ಇತರ ಪುರುಷರ ಮನೋಪರೀಕ್ಷೆಯ ಫಲಿತಾಂಶಗಳನ್ನು ಹೆಸರು ಮರೆಮಾಚಿ ತಜ್ಞರ ಮುಂದಿಟ್ಟಾಗ, ಯಾವುದು ಯಾರದೆಂದು ಗುರುತಿಸಲು ಅವರಿಂದಾಗಲಿಲ್ಲ. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘವೂ 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಸಲಿಂಗಾಸಕ್ತಿಯನ್ನು ರೋಗಪಟ್ಟಿಯಿಂದ ತೆಗೆದುಹಾಕಿದವು.

ಹಾಗಾದರೆ ಇವರಲ್ಲಿ ಖಿನ್ನತೆ, ಆತಂಕಗಳು ಹೆಚ್ಚಾಗಿ ಕಾಣುವುದೇಕೆ? 2003ರಲ್ಲಿ ಇಲಾನ್ ಮೇಯರ್ ಇದನ್ನು ‘ಅಲ್ಪಸಂಖ್ಯಾತ ಒತ್ತಡ’ ಎಂಬ ಸಿದ್ಧಾಂತದಿಂದ ವಿವರಿಸಿದರು. ಹೊರಗಿನ ಹೀಯಾಳಿಕೆ ಮತ್ತು ಹಿಂಸೆ ಈ ಒತ್ತಡದ ಒಂದು ಭಾಗ ಮಾತ್ರ. ತಿರಸ್ಕಾರ ಬಂದೇ ಬರುವುದೆಂಬ ನಿರಂತರ ಎಚ್ಚರ, ತನ್ನನ್ನು ಮರೆಮಾಚಿಕೊಳ್ಳುವ ಶ್ರಮ, ಕೊನೆಗೆ ಸಮಾಜದ ಹೇಸಿಗೆಯನ್ನು ತನ್ನದೇ ತೀರ್ಪಾಗಿ ಒಪ್ಪಿಕೊಳ್ಳುವಿಕೆ ಇವು ಉಳಿದ ಭಾಗಗಳು. ಸಭೆಯಲ್ಲಿ ಬೆಳೆದವನಿಗೆ ಈ ಕೊನೆಯ ಭಾರವೇ ಅತಿ ದೊಡ್ಡದು. ತನ್ನನ್ನು ತಿರಸ್ಕರಿಸುತ್ತಿರುವವನು ದೇವರೇ ಎಂದು ಅವನು ನಂಬಿರುತ್ತಾನೆ.

ಚಿಕಿತ್ಸೆಯ ಕ್ರಮ

ಸ್ವೀಕಾರಪರ ಚಿಕಿತ್ಸೆ ಹೊಸದೊಂದು ಚಿಕಿತ್ಸಾ ಪಂಥವಲ್ಲ. ಚಾಲ್ತಿಯಲ್ಲಿರುವ ಚಿಕಿತ್ಸೆಗಳನ್ನು ಈ ತಿಳಿವಳಿಕೆಯ ಮೇಲೆ ನಡೆಸುವ ರೀತಿ. ಚಿಕಿತ್ಸಕನು ವ್ಯಕ್ತಿಯೊಬ್ಬನೊಡನೆ, ಗೌಪ್ಯವಾಗಿ, ನಿಗದಿತ ಭೇಟಿಗಳಲ್ಲಿ ಮಾತನಾಡುತ್ತಾನೆ. ವ್ಯಕ್ತಿಯ ಆಸಕ್ತಿ ಅಥವಾ ಲಿಂಗತ್ವವನ್ನು ಗುಣಪಡಿಸಬೇಕಾದ ದೋಷವೆಂದು ನೋಡದೆ, ನಿದ್ರಾಹೀನತೆ, ಭಯ, ನಾಚಿಕೆ, ಒಂಟಿತನಗಳನ್ನು ಚಿಕಿತ್ಸೆಗೆ ಒಳಪಡಿಸುತ್ತಾನೆ. ‘ನಾನು ಅಸಹ್ಯನು’ ಎಂಬಂಥ ಆಲೋಚನೆ ಎಲ್ಲಿಂದ ಬಂತು, ಅದು ಬಂದಾಗ ಏನು ಮಾಡುತ್ತಾನೆ, ಅದಕ್ಕೆ ಆಧಾರವೇನು ಎಂಬುದನ್ನು ಇಬ್ಬರೂ ಕೂಡಿ ಪರೀಕ್ಷಿಸುತ್ತಾರೆ. ಯಾರಿಗೆ, ಯಾವಾಗ ತನ್ನ ವಿಷಯ ತಿಳಿಸುವುದು ಸುರಕ್ಷಿತ ಎಂಬುದನ್ನೂ ಆಲೋಚಿಸುತ್ತಾರೆ, ತಿಳಿಸಲೇಬೇಕೆಂಬ ಒತ್ತಾಯವಿಲ್ಲ. ತೀವ್ರ ಖಿನ್ನತೆಯಿದ್ದರೆ ಮನೋವೈದ್ಯರ ಔಷಧಿಯೂ ಜೊತೆಗಿರಬಹುದು.

ಈ ಚಿಕಿತ್ಸೆ ವಿಶ್ವಾಸವನ್ನು ಕೆಡಿಸುವುದೆಂಬ ಆತಂಕ ನಮ್ಮಲ್ಲಿ ಕೇಳಿಬರುತ್ತದೆ. ಅಮೆರಿಕದ ಮನೋವಿಜ್ಞಾನ ಸಂಘದ ಕಾರ್ಯಪಡೆ 2009ರ ತನ್ನ ವರದಿಯಲ್ಲಿ ಇದನ್ನೇ ಪರಿಶೀಲಿಸಿತು. ಆಸಕ್ತಿಯನ್ನು ಬದಲಾಯಿಸುವ ಪ್ರಯತ್ನಗಳು ಫಲಿಸುತ್ತವೆಂಬುದಕ್ಕೆ ಸಾಕಷ್ಟು ಆಧಾರವಿಲ್ಲ ಎಂದು ಹೇಳಿದ ಆ ವರದಿಯೇ, ವ್ಯಕ್ತಿಯ ಧಾರ್ಮಿಕ ನಂಬಿಕೆಯನ್ನು ಗೌರವಿಸಬೇಕೆಂದೂ ಯಾವ ಗುರುತನ್ನೂ ಅವನ ಮೇಲೆ ಹೇರಬಾರದೆಂದೂ ಸೂಚಿಸಿತು. ವಿವಾಹ ಹಾಗೂ ಲೈಂಗಿಕ ನೀತಿಯ ವಿಷಯದಲ್ಲಿ ಸಭೆಗಳ ಬೋಧನೆ ಒಂದೇ ಆಗಿಲ್ಲ. ಆ ಚರ್ಚೆ ಮುಂದುವರಿಯಲಿ. ಆದರೆ ಸಾವನ್ನು ಬಯಸುತ್ತಿರುವವನ ಆರೈಕೆ ಆ ಚರ್ಚೆ ಮುಗಿಯುವವರೆಗೆ ಕಾಯಲಾರದು.

ಪರಿವರ್ತನಾ ಚಿಕಿತ್ಸೆ ಮತ್ತು ಕಾನೂನು

ಆಸಕ್ತಿಯನ್ನು ಬದಲಿಸುವುದಾಗಿ ಹೇಳಿಕೊಳ್ಳುವ ಪರಿವರ್ತನಾ ಚಿಕಿತ್ಸೆಯ ಪ್ರಯೋಗವನ್ನು ಕ್ರೈಸ್ತರೇ ಮಾಡಿ ನೋಡಿದ್ದಾರೆ. ಅಮೆರಿಕದಲ್ಲಿ 1976ರಲ್ಲಿ ಆರಂಭವಾದ ‘ಎಕ್ಸೋಡಸ್ ಇಂಟರ್‌ನ್ಯಾಷನಲ್’ ಎಂಬ ಸೇವಾಸಂಸ್ಥೆ 2013ರಲ್ಲಿ ಮುಚ್ಚಿತು. ಅದರ ಅಧ್ಯಕ್ಷ ಅಲನ್ ಚೇಂಬರ್ಸ್ ನೊಂದವರಲ್ಲಿ ಬಹಿರಂಗವಾಗಿ ಕ್ಷಮೆ ಯಾಚಿಸಿದರು.

ಭಾರತದಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಸಮುದಾಯದ ನೈತಿಕ ಮೌಲ್ಯಗಳಿಗೆ ಅಥವಾ ಧಾರ್ಮಿಕ ನಂಬಿಕೆಗಳಿಗೆ ಹೊಂದದಿರುವುದನ್ನೇ ಆಧಾರವಾಗಿಟ್ಟು ಯಾರನ್ನೂ ಮನೋರೋಗಿಯೆಂದು ನಿರ್ಣಯಿಸುವಂತಿಲ್ಲ. ಲೈಂಗಿಕ ಆಸಕ್ತಿಯ ಕಾರಣಕ್ಕೆ ಚಿಕಿತ್ಸೆಯಲ್ಲಿ ತಾರತಮ್ಯ ಮಾಡುವುದನ್ನೂ ಆ ಕಾಯ್ದೆ ನಿಷೇಧಿಸುತ್ತದೆ. 2021ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಇಂಥ ‘ಗುಣಪಡಿಸುವ’ ಪ್ರಯತ್ನಗಳನ್ನು ನಿಷೇಧಿಸಿದರು. ಮುಂದಿನ ವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ ಪರಿವರ್ತನಾ ಚಿಕಿತ್ಸೆಯನ್ನು ವೃತ್ತಿದುರ್ನಡತೆಯೆಂದು ಸಾರಿತು. ಆ ನ್ಯಾಯಮೂರ್ತಿಗಳು ತೀರ್ಪು ಬರೆಯುವ ಮುನ್ನ ತಾವೇ ಮನೋವಿಜ್ಞಾನಿಯೊಬ್ಬರ ಮುಂದೆ ಕುಳಿತು ವಿಷಯವನ್ನು ಕಲಿತರೆಂಬುದು ನಾವೂ ಗಮನಿಸಬೇಕಾದ ಮಾದರಿ.

ಸಭಾಪಾಲಕನ ಕೆಲಸ

ಮೊದಲನೆಯದು, ಕೇಳಿಸಿಕೊಳ್ಳುವುದು ಮತ್ತು ಗುಟ್ಟನ್ನು ಕಾಯುವುದು. ಅನುಮತಿಯಿಲ್ಲದೆ ತಂದೆತಾಯಿಗಳಿಗೆ ವಿಷಯ ತಿಳಿಸಿದರೆ ಮನೆಯಿಂದ ಹೊರದೂಡುವುದೋ ಬಲವಂತದ ಮದುವೆಯೋ ನಡೆಯಬಹುದು. ಎರಡನೆಯದು, ಸಾಯುವ ಆಲೋಚನೆ ಇದೆಯೇ ಎಂದು ನೇರವಾಗಿ ಕೇಳುವುದು. ಕೇಳುವುದರಿಂದ ಆ ಆಲೋಚನೆ ಹುಟ್ಟುವುದಿಲ್ಲ. ಪ್ರಾಣಾಪಾಯವಿದ್ದರೆ ಒಂಟಿಯಾಗಿ ಬಿಡದೆ, ಯಾರ ನೆರವು ಪಡೆಯುವೆವೆಂಬುದನ್ನು ಅವನಿಗೇ ಮೊದಲು ತಿಳಿಸಿ, ಒಡನೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ನೆರವು ಸಿಗುತ್ತದೆ. ಮೂರನೆಯದು, ಚಿಕಿತ್ಸಕನನ್ನು ಆರಿಸುವಾಗ ‘ನೀವು ಇವರ ಆಸಕ್ತಿಯನ್ನು ಬದಲಿಸಲು ಯತ್ನಿಸುವಿರಾ?’ ಎಂದು ಮುಂಚಿತವಾಗಿ ವಿಚಾರಿಸುವುದು. ಹೌದೆಂದರೆ ಅಲ್ಲಿಗೆ ಕಳುಹಿಸಬಾರದು. ನಾಲ್ಕನೆಯದು, ಕಳುಹಿಸಿದ ಮೇಲೆ ಕೈಬಿಡದಿರುವುದು. ಪ್ರಾರ್ಥನೆ, ಸಂದರ್ಶನ, ಸಭೆಯ ಒಡನಾಟ ಹಿಂದಿನಂತೆಯೇ ಮುಂದುವರಿಯಬೇಕು. ಉಪವಾಸ ಪ್ರಾರ್ಥನೆಯನ್ನೋ ದೆವ್ವ ಬಿಡಿಸುವುದನ್ನೋ ಚಿಕಿತ್ಸೆಯ ಬದಲಿಗೆ ಒಡ್ಡುವುದು ಸಲ್ಲದು.

ಜಾಲಿಯ ಗಿಡದ ಕೆಳಗೆ ಸಾವನ್ನು ಬೇಡಿದ ಎಲೀಯನಿಗೆ ದೇವದೂತನು ಮೊದಲು ಕೊಟ್ಟದ್ದು ಉಪದೇಶವಲ್ಲ, ರೊಟ್ಟಿ ಮತ್ತು ನೀರು. ಮತ್ತೆ ಮಲಗಲು ಬಿಟ್ಟನು. ದೇವರು ಪ್ರಶ್ನೆ ಕೇಳಿದ್ದು ನಲವತ್ತು ದಿನಗಳ ಪ್ರಯಾಣದ ತರುವಾಯ, ಹೋರೇಬಿನಲ್ಲಿ. ಪ್ರವಾದಿಯ ಪ್ರಾಣ ಉಳಿದದ್ದರಿಂದಲೇ ಆ ಸಂಭಾಷಣೆ ಸಾಧ್ಯವಾಯಿತು.