ವೈರ್‌ಲೆಸ್ ಮೌಸ್ ಮುನಿಸಿಕೊಂಡರೆ: ಲಿನಕ್ಸ್‌ನಲ್ಲಿ ಹುಡುಕುವ ದಾರಿ

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಎಂಟು-ಹತ್ತು ವರ್ಷ ಹಳೆಯ ಬಹಳಷ್ಟು ಲ್ಯಾಪ್‌ಟಾಪ್‌ಗಳಿಗೆ ವಿಂಡೋಸ್ 11 ಹೊಂದುವುದಿಲ್ಲ. ಡೊಂಬಿವಲಿ, ಕಲ್ಯಾಣದ ಮನೆಗಳಲ್ಲಿ ಮಕ್ಕಳ ಓದಿಗೋ ಸಂಘದ ಲೆಕ್ಕಪತ್ರಕ್ಕೋ ಇಟ್ಟುಕೊಂಡ ಇಂಥ ಯಂತ್ರಗಳನ್ನು ಗುಜರಿಗೆ ಹಾಕಬೇಕಿಲ್ಲ. ಉಬುಂಟು, ಲಿನಕ್ಸ್ ಮಿಂಟ್‌ನಂಥ ಮುಕ್ತ ತಂತ್ರಾಂಶ ಹಾಕಿಕೊಂಡರೆ ಇನ್ನೂ ಕೆಲವು ವರ್ಷ ಬಾಳುತ್ತವೆ, ಅದೂ ಉಚಿತವಾಗಿ. ಆದರೆ ಮೊದಲ ದಿನವೇ ವೈರ್‌ಲೆಸ್ ಮೌಸ್ ಅಲುಗಾಡದಿದ್ದರೆ "ಲಿನಕ್ಸ್‌ಗೆ ಡ್ರೈವರ್ ಇಲ್ಲ" ಎಂದು ಹಲವರು ಕೈಬಿಡುತ್ತಾರೆ. ಹೆಚ್ಚಿನ ಸಲ ಆ ತೀರ್ಮಾನ ತಪ್ಪು. ಲಿನಕ್ಸ್‌ನಲ್ಲಿ ಬಹುತೇಕ ಡ್ರೈವರ್‌ಗಳು ಅದರ ತಿರುಳಾದ ಕರ್ನೆಲ್ ಜೊತೆಗೇ ಬಂದಿರುತ್ತವೆ.

ಕಲ್ಯಾಣದಿಂದ ಹೊರಟ ಲೋಕಲ್ ಠಾಣೆಗೆ ಬರಲಿಲ್ಲವೆಂದರೆ, ಡೊಂಬಿವಲಿ ದಾಟಿತೇ ಎಂದು ಮೊದಲು ವಿಚಾರಿಸುತ್ತೇವಲ್ಲ? ಇಲ್ಲೂ ಹಾಗೆಯೇ. ಮೌಸ್‌ನ ಸಂಕೇತ ರೇಡಿಯೋ ಅಲೆಯಾಗಿ ಹೊರಟು, ಡಾಂಗಲ್ ಸೇರಿ, ಕರ್ನೆಲ್ ದಾಟಿ ಪರದೆಗೆ ಬರುತ್ತದೆ. ಎಲ್ಲಿ ನಿಂತಿತು ಎಂದು ತಿಳಿದರೆ ಅರ್ಧ ಕೆಲಸ ಮುಗಿಯಿತು.

ರೇಡಿಯೋ

ಬ್ಯಾಟರಿ ಬದಲಿಸಿ, ಅಡಿಯಲ್ಲಿರುವ ಸ್ವಿಚ್ ನೋಡಿ. ಮೌಸ್ ಓಡುತ್ತದೆ, ಆದರೆ ತಡವರಿಸುತ್ತದೆ ಎಂದಾದರೆ ದೋಷ ಡ್ರೈವರ್‌ನದ್ದಲ್ಲದಿರಬಹುದು. ಡಾಂಗಲ್ ಬಳಸುವ 2.4 ಗಿಗಾಹರ್ಟ್ಸ್ ಅಲೆಯನ್ನೇ ವೈಫೈ ಕೂಡ ಬಳಸುತ್ತದೆ. ಅಂಟಿಕೊಂಡ ಕಟ್ಟಡಗಳಲ್ಲಿ ನೆರೆಮನೆಗಳ ವೈಫೈಗೂ ಬರವಿಲ್ಲ. ಸಾಲದ್ದಕ್ಕೆ ಯುಎಸ್‌ಬಿ 3.0 ಪೋರ್ಟ್ ಮತ್ತು ಹಾರ್ಡ್‌ಡಿಸ್ಕ್‌ಗಳು ಇದೇ ಅಲೆಯಲ್ಲಿ ಗದ್ದಲ ಎಬ್ಬಿಸುತ್ತವೆ ಎಂದು ಇಂಟೆಲ್ 2012ರಲ್ಲೇ ವಿವರಿಸಿದೆ. ಡಾಂಗಲನ್ನು ಯುಎಸ್‌ಬಿ 2.0 ಪೋರ್ಟ್‌ಗೆ ಬದಲಿಸಿ, ಇಲ್ಲವೇ ಗಿಡ್ಡ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಮೌಸ್ ಹತ್ತಿರ ತನ್ನಿ.

ಡಾಂಗಲ್

ಟರ್ಮಿನಲ್ ತೆರೆದು ‘ಎಲ್‌ಎಸ್‌ಯುಎಸ್‌ಬಿ’ ಎಂದು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ. ಡಾಂಗಲ್ ಹಾಕುವ ಮೊದಲೊಮ್ಮೆ, ಹಾಕಿದ ಮೇಲೊಮ್ಮೆ. ಪಟ್ಟಿಯಲ್ಲಿ ಒಂದು ಸಾಲು ಹೆಚ್ಚಾಗಬೇಕು. ಆಗದಿದ್ದರೆ ಪೋರ್ಟ್ ಅಥವಾ ಡಾಂಗಲ್ ಕೆಟ್ಟಿದೆ; ಯಾವ ಡ್ರೈವರ್ ತಂದರೂ ಪ್ರಯೋಜನವಿಲ್ಲ.

ಸಾಲು ಕಂಡರೆ ಸಮಾಧಾನ. ಹೆಚ್ಚಿನ ಡಾಂಗಲ್‌ಗಳು ‘ಎಚ್‌ಐಡಿ’ ಎಂಬ ಸಾಮಾನ್ಯ ಮಾನಕದಲ್ಲೇ ಮಾತಾಡುವುದರಿಂದ ಕರ್ನೆಲ್‌ನ ಸಾಮಾನ್ಯ ಡ್ರೈವರ್ ಸಾಕು. ಲಾಜಿಟೆಕ್‌ನ ‘ಯುನಿಫೈಯಿಂಗ್’ ರಿಸೀವರ್ ಒಂದಕ್ಕೇ ಆರು ಸಾಧನಗಳನ್ನು ಜೋಡಿಸಬಹುದು. ಅದರ ಪ್ರತ್ಯೇಕ ಡ್ರೈವರ್ 2012ರ ಜನವರಿಯಲ್ಲಿ ಬಂದ 3.2 ಆವೃತ್ತಿಯಿಂದ ಕರ್ನೆಲ್‌ನಲ್ಲೇ ಇದೆ. ಜೋಡಣೆ ತಪ್ಪಿದ್ದರೆ ‘ಸೋಲಾರ್’ ಎಂಬ ಉಚಿತ ತಂತ್ರಾಂಶದಿಂದ ಮತ್ತೆ ಜೋಡಿಸಿ. ಬ್ಯಾಟರಿ ಎಷ್ಟಿದೆ ಎಂದೂ ಅದು ತೋರಿಸುತ್ತದೆ.

ಬ್ಲೂಟೂತ್

‘ಆರ್‌ಎಫ್‌ಕಿಲ್ ಲಿಸ್ಟ್’ ಎಂಬ ಆದೇಶ ಬ್ಲೂಟೂತ್‌ಗೆ ತಡೆ ಬಿದ್ದಿದೆಯೇ ಎಂದು ಹೇಳುತ್ತದೆ. ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟುಕೊಂಡವರಿಗೆ ಇನ್ನೊಂದು ಕಾಟ: ವಿಂಡೋಸ್‌ನಲ್ಲಿ ಕೀಬೋರ್ಡ್ ಜೋಡಿಸಿದರೆ ಲಿನಕ್ಸ್‌ನಲ್ಲಿ ಸಂಪರ್ಕ ತಪ್ಪುತ್ತದೆ. ಪ್ರತಿ ಜೋಡಣೆಗೂ ಹೊಸ ಗುಪ್ತ ಕೀಲಿ ಹುಟ್ಟುವುದು, ಹಳೆಯದು ಕೆಲಸಕ್ಕೆ ಬಾರದಿರುವುದು ಇದಕ್ಕೆ ಕಾರಣ. ಹಳೆಯ ಜೋಡಣೆ ಅಳಿಸಿ ಮತ್ತೆ ಜೋಡಿಸಿ. ಎರಡೂ ಕಡೆ ಬಳಸುವವರಿಗೆ ಡಾಂಗಲ್ ಇರುವ ಕೀಬೋರ್ಡೇ ವಾಸಿ.

ಕನ್ನಡ ಅಕ್ಷರ

ಕೀಬೋರ್ಡ್ ನಡೆಯುತ್ತಿದೆ, ಕನ್ನಡ ಮಾತ್ರ ಮೂಡುತ್ತಿಲ್ಲ ಎಂದರೆ ಡ್ರೈವರನ್ನು ದೂರಬೇಡಿ. ಕೀಬೋರ್ಡ್ ಕಳಿಸುವುದು ಒತ್ತಿದ ಕೀಲಿಯ ಸಂಖ್ಯೆಯನ್ನಷ್ಟೇ. ಅದು ‘ಕೆ’ ಆಗಬೇಕೋ ‘ಕ’ ಆಗಬೇಕೋ ಎಂದು ನಿರ್ಧರಿಸುವುದು ವಿನ್ಯಾಸ. ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಕನ್ನಡದ ‘ಕಗಪ’ ವಿನ್ಯಾಸ ಸೇರಿಸಿಕೊಂಡರೆ ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಹೊಸತೇನೂ ಅನಿಸದು. ಈ ವಿನ್ಯಾಸದ ಮೂಲಪುರುಷ ಕೆ.ಪಿ. ರಾವ್ ಮುಂಬಯಿಯ ಟಾಟಾ ಪ್ರೆಸ್‌ನಲ್ಲಿ ದುಡಿದವರು ಎಂಬುದು ಈ ಕಡೆಯ ಕನ್ನಡಿಗರಿಗೆ ಹೆಮ್ಮೆಯ ಮಾತು.

ಇಷ್ಟಾದರೂ ಬಗೆಹರಿಯದಿದ್ದರೆ ತಿಳಿದವರನ್ನು ಕೇಳಿ. ಆದರೆ "ಮೌಸ್ ನಡೆಯುತ್ತಿಲ್ಲ" ಎಂದಷ್ಟೇ ಹೇಳಬೇಡಿ. ಯಾವ ಲಿನಕ್ಸ್, ‘ಯುನೇಮ್ -ಆರ್’ ತೋರಿಸಿದ ಕರ್ನೆಲ್ ಆವೃತ್ತಿ ಯಾವುದು, ಡಾಂಗಲ್‌ನ ಆ ಒಂದು ಸಾಲು ಏನು, ಈ ಮೂರನ್ನು ಬರೆದಿಟ್ಟುಕೊಂಡು ಹೋಗಿ. ಉತ್ತರ ಬೇಗ ಸಿಗುತ್ತದೆ. ಅಲ್ಲಿಯವರೆಗೆ ಕೈಗೊಂದು ವೈರ್ ಇರುವ ಮೌಸ್ ಇರಲಿ.